ಟಾಮಿ ಯಾಕೆ ಬರಬೇಕು?

ಸಂಜೆ ಆರರ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯ ಮೈದಾನಕ್ಕೆ ಹೋದರೂ ಈ ನೋಟ ಸಿಗುತ್ತದೆ. ಬೆಲ್ಟ್ ಬಿಚ್ಚಿದ ಲ್ಯಾಬ್ರಡಾರ್ ಒಂದು ಮೂಲೆಯಲ್ಲಿ ಕಸದ ರಾಶಿ ಮೂಸುತ್ತಿದೆ. ಯಜಮಾನರು ‘ಟಾಮಿ, ಬಾ... ಬಾರೋ... ಕಮ್... ಬರ್ತೀಯೋ ಇಲ್ವೋ’ ಎಂದು ದನಿ ಏರಿಸುತ್ತಲೇ ಇದ್ದಾರೆ. ಕೊನೆಗೂ ಟಾಮಿ ಬರುತ್ತದೆ. ಬಂದೊಡನೆ ಬೆನ್ನಿಗೊಂದು ಏಟು, ಕುತ್ತಿಗೆಗೆ ಬೆಲ್ಟು, ಸೀದಾ ಮನೆ.

ತಡವಾಗಿ ಬಂದದ್ದಕ್ಕೆ ಏಟು ಎಂಬುದು ಯಜಮಾನರ ಲೆಕ್ಕ. ನಾಯಿಯ ಲೆಕ್ಕದಲ್ಲಿ ಏಟು ಬಿದ್ದದ್ದು ಹತ್ತಿರ ಬಂದದ್ದಕ್ಕೆ. ಕಸದ ರಾಶಿಯಲ್ಲಾದರೆ ಕೋಳಿಮೂಳೆಯಾದರೂ ಸಿಕ್ಕಿತ್ತು. ನಾಳೆ ಅದು ಇನ್ನೂ ದೂರ ನಿಂತು ಯೋಚಿಸಿದರೆ ಮೊಂಡು ಎಂದು ಬೈಯುವುದು ಅನ್ಯಾಯ.

ಒಳ್ಳೆಯ ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ತೋರಿಸಿದ್ದರು. ಹೊರಗೆ ಆಹಾರ, ಒಳಗೆ ಹಸಿದ ಬೆಕ್ಕು. ಅಗುಳಿ ತೆಗೆಯಲು ಅದಕ್ಕೆ ಬೇಕಾಗುವ ಹೊತ್ತು ಸಲದಿಂದ ಸಲಕ್ಕೆ ಇಳಿಯುತ್ತಿತ್ತು. ಈ ತತ್ವವನ್ನು ನಾಯಿ ಸಾಕುವವರ ಮನೆಗೆ ತಲುಪಿಸಿದವರಲ್ಲಿ ಕ್ಯಾರೆನ್ ಪ್ರಯರ್ ಮುಖ್ಯರು. 1960ರ ದಶಕದಲ್ಲಿ ಅವರು ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದರು. ಡಾಲ್ಫಿನ್‌ಗೆ ಬೆಲ್ಟ್ ಹಾಕಿ ಎಳೆಯಲಾಗದು; ಗದರಿಸಿದರೆ ಕೊಳದ ಆಚೆ ದಡಕ್ಕೆ ಈಜಿಬಿಡುತ್ತದೆ. ಹಾಗಾಗಿ ಉಳಿದದ್ದು ಒಂದು ಸಿಳ್ಳೆ, ಒಂದು ಬಕೆಟ್ ಮೀನು. ಆ ಅನುಭವದಿಂದ 1984ರಲ್ಲಿ ಬಂದ ಅವರ ‘ಡೋಂಟ್ ಶೂಟ್ ದ ಡಾಗ್’ ಇಂದಿಗೂ ತರಬೇತುದಾರರ ಕಪಾಟಿನಲ್ಲಿದೆ.

ನಮ್ಮ ಹಳ್ಳಿಯ ಹಿತ್ತಿಲಿಗೆ ಇದೇನೂ ಹೊಸದಲ್ಲ. ಊಟವಾದ ಮೇಲೆ ಅಜ್ಜಿ ಮಿಕ್ಕ ಮುದ್ದೆ ಹಿಡಿದು ‘ಚು ಚು’ ಅಂದರೆ ನಾಯಿ ಎಲ್ಲಿದ್ದರೂ ಓಡಿಬರುತ್ತದೆ. ಆ ಸದ್ದಿನ ಬೆನ್ನಿಗೆ ಬೈಗುಳ ಬಂದದ್ದೇ ಇಲ್ಲ.

ಪಾಠ ಮೈದಾನದಲ್ಲಿ ಶುರುವಾಗಬಾರದು. ಮನೆಯ ಹಾಲ್, ನಾಲ್ಕು ಹೆಜ್ಜೆ ದೂರ, ಮನೆಮಂದಿಯೆಲ್ಲ ಒಪ್ಪಿದ ಒಂದೇ ಪದ. ಅದನ್ನು ಒಂದೇ ಸಲ ಹೇಳಬೇಕು. ನಾಯಿ ಇತ್ತ ತಿರುಗಿದ ಕ್ಷಣವೇ ‘ಶಭಾಷ್’, ಹತ್ತಿರ ಬಂದೊಡನೆ ಬಾಯಿಗೆ ಬೇಯಿಸಿದ ಕೋಳಿಯ ಚೂರು. ಸಸ್ಯಾಹಾರಿ ಮನೆಯಾದರೆ ಪನೀರ್. ಕಡಲೆಬೀಜದಷ್ಟು ದೊಡ್ಡದಿದ್ದರೆ ಸಾಕು. (ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ, ನಾಯಿಗೆ ಅವು ವಿಷ.) ತಿನ್ನಿಸುವಾಗ ಇನ್ನೊಂದು ಕೈ ಮೆಲ್ಲಗೆ ಕಾಲರ್ ಹಿಡಿಯಬೇಕು. ಇಲ್ಲವಾದರೆ ಚೂರು ಕಸಿದುಕೊಂಡು ಜಾರಿಕೊಳ್ಳುವ ಚಾಳಿ ಅಂಟುತ್ತದೆ.

ಆಮೇಲಿನ ಹಂತವನ್ನು ಹೆಚ್ಚಿನವರು ಮರೆಯುತ್ತಾರೆ: ‘ಹೋಗು, ಆಡು’ ಎಂದು ಮತ್ತೆ ಬಿಟ್ಟುಬಿಡುವುದು. ಕರೆದಾಗಲೆಲ್ಲ ಆಟ ಮುಗಿಯುವುದಾದರೆ ಯಾವ ನಾಯಿ ತಾನೇ ಬಂದೀತು? ಸ್ನಾನಕ್ಕೆ, ಉಗುರು ಕತ್ತರಿಸುವುದಕ್ಕೆ, ಔಷಧಿಗೆ ಆ ಪದವನ್ನು ಖರ್ಚು ಮಾಡುವ ಬದಲು ಎದ್ದು ಹೋಗಿ ಕರೆತರುವುದೇ ಲೇಸು.

ಹಾಲ್ ಆದ ಮೇಲೆ ತಾರಸಿ, ನಂತರ ಮೈದಾನ. ಅಲ್ಲಿ ಹತ್ತು ಮೀಟರ್ ಹಗ್ಗವಿರಲಿ, ಅದೂ ಕುತ್ತಿಗೆಗಲ್ಲ, ಎದೆಪಟ್ಟಿಗೆ; ಓಟದಲ್ಲಿ ಜಗ್ಗಿದರೆ ಕತ್ತಿಗೆ ಪೆಟ್ಟಾಗುತ್ತದೆ. ಬರದಿದ್ದರೆ ಬೆನ್ನಟ್ಟಬಾರದು, ನಾಯಿಗೆ ಅದೂ ಒಂದು ಆಟ. ಬೆನ್ನು ತಿರುಗಿಸಿ ಓಡಿದರೆ ಅದೇ ಹಿಂದೆ ಬರುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯ ವಿಷಯದಲ್ಲಿ ಇಷ್ಟೇ ಸಾಲದು. 2005ರಲ್ಲಿ ಅಂಚೆಚೀಟಿಯ ಮೇಲೂ ಕಾಣಿಸಿಕೊಂಡ ಈ ತಳಿ ಬೇಟೆಯಾಡುವುದು ಮೂಗಿಗಿಂತ ಹೆಚ್ಚಾಗಿ ಕಣ್ಣಿನಿಂದ. ದೂರದ ಪೊದೆಯಲ್ಲಿ ಮೊಲ ಕದಲಿ ಇದು ಕಾಲು ಕಿತ್ತಿತೆಂದರೆ ಕರೆ ಕಿವಿಗೆ ಬೀಳುವುದೇ ಅನುಮಾನ. ಕಿವಿ ನಿಮಿರಿ, ಮೈ ಬಿಗಿಯಾಗಿ, ಮುಂಗಾಲು ತಡೆದು ನಿಲ್ಲುವ ಆ ಒಂದು ಗಳಿಗೆಯಲ್ಲೇ ಕರೆಯಬೇಕು. ಅದರ ಬಹುಮಾನವೂ ಬೇರೆ: ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿ ಅಟ್ಟಿಸಿಕೊಂಡು ಬರಲು ಬಿಟ್ಟರೆ ಕೋಳಿಗಿಂತ ಖುಷಿ. ಬಯಸಿದ ಕೆಲಸವನ್ನೇ ಬಹುಮಾನವಾಗಿಸುವ ಈ ಸೂತ್ರಕ್ಕೆ ಮನಶ್ಶಾಸ್ತ್ರದಲ್ಲಿ ಡೇವಿಡ್ ಪ್ರೆಮ್ಯಾಕ್ ಹೆಸರಿದೆ.

ಇಷ್ಟೆಲ್ಲ ತಾಳ್ಮೆ ಯಾಕೆ, ಶಾಕ್ ಕೊಡುವ ಕಾಲರ್ ಇದೆಯಲ್ಲ ಎನ್ನುವವರೂ ಇದ್ದಾರೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ತಂಡ, ಕರೆದರೆ ಬಾರದ 63 ನಾಯಿಗಳನ್ನು ಮೂರು ಗುಂಪು ಮಾಡಿ ಇದನ್ನೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿತು. ಬಹುಮಾನದಿಂದ ಕಲಿತ ಗುಂಪು ಶಾಕ್ ಕಾಲರ್ ಗುಂಪಿಗಿಂತ ಬೇಗ ಸ್ಪಂದಿಸಿತ್ತು, ಮತ್ತೆ ಮತ್ತೆ ಕರೆಸಿಕೊಳ್ಳುವುದೂ ಕಡಿಮೆಯಾಗಿತ್ತು. ವೇಲ್ಸ್‌ನಲ್ಲಿ ಆ ಕಾಲರ್ 2010ರಲ್ಲೇ ನಿಷೇಧವಾಗಿದೆ.

ಹಾಗಾದರೆ ಜೇಬಿನಲ್ಲಿ ಕೋಳಿ ಇಟ್ಟುಕೊಂಡು ಎಷ್ಟು ದಿನ ಓಡಾಡಬೇಕು? ಪಾಠ ಗಟ್ಟಿಯಾದ ಮೇಲೆ ಮನೆಯೊಳಗೆ ಬಂದದ್ದಕ್ಕೆ ತಲೆ ಸವರಿದರೂ ನಡೆದೀತು, ಚೂರು ಆಗೊಮ್ಮೆ ಈಗೊಮ್ಮೆ ಸಿಕ್ಕರಾಯಿತು. ಬೀದಿಯ ಬೆಕ್ಕನ್ನು ಅರ್ಧ ದಾರಿಯಲ್ಲೇ ಬಿಟ್ಟು ತಿರುಗಿ ಬಂದ ದಿನ ಮಾತ್ರ ಒಂದು ಚೂರಿಗೆ ನಿಲ್ಲಿಸದೆ ಜೇಬು ಪೂರ್ತಿ ಬರಿದು ಮಾಡಬೇಕು.