ಪಾಠ ಕಲಿತ ಇಂಟೆಲ್ ಮತ್ತೆ ಎಡವಿದ್ದೇಕೆ?

ಆಂಡಿ ಗ್ರೋವ್‌ಗೆ ತಾಳ್ಮೆ ಕಮ್ಮಿ. 1990ರ ದಶಕದಲ್ಲಿ ಇಂಟೆಲ್ ಮುಖ್ಯಸ್ಥರಾಗಿದ್ದ ಅವರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರೊಫೆಸರ್ ಕ್ಲೇಟನ್ ಕ್ರಿಸ್ಟೆನ್ಸನ್‌ರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. ನಿಮಗಿರೋದು ಹತ್ತೇ ನಿಮಿಷ, ನಿಮ್ಮ ಥಿಯರಿ ಪ್ರಕಾರ ಇಂಟೆಲ್ ಏನು ಮಾಡಬೇಕು ಹೇಳಿಬಿಡಿ ಅಂದರು. ಪ್ರೊಫೆಸರ್ ಉತ್ತರ ಹೇಳಲಿಲ್ಲ, ಉಕ್ಕಿನ ಕತೆ ಶುರು ಮಾಡಿದರು.

ಕತೆ ಇಷ್ಟು. ಅಮೆರಿಕದ ದೊಡ್ಡ ಉಕ್ಕು ಕಂಪನಿಗಳು ಅದಿರು ಕರಗಿಸಿ ಎಲ್ಲ ಬಗೆಯ ಉಕ್ಕು ಮಾಡ್ತಿದ್ದವು. ನ್ಯೂಕೋರ್‌ನಂಥ ಸಣ್ಣ ಕಂಪನಿಗಳು ಗುಜರಿ ಕರಗಿಸಿ ಕಟ್ಟಡದ ಕಂಬಿ ಮಾಡೋಕೆ ಇಳಿದವು. ಕಂಬಿಯಲ್ಲಿ ಲಾಭ ತೀರಾ ಕಮ್ಮಿ. ಹಾಗಾಗಿ ದೊಡ್ಡವರು ಅದನ್ನು ಖುಷಿಯಿಂದಲೇ ಬಿಟ್ಟುಕೊಟ್ಟರು. ಕಮ್ಮಿ ಲಾಭದ ಸರಕು ಕೈಬಿಟ್ಟರೆ ಕಂಪನಿಯ ಸರಾಸರಿ ಲಾಭಾಂಶ ಏರುತ್ತೆ ತಾನೇ? ಸಣ್ಣವರು ಅಲ್ಲಿಗೇ ನಿಲ್ಲಲಿಲ್ಲ. ಆಂಗಲ್‌ಗೆ ಬಂದರು, ತೊಲೆಗೆ ಬಂದರು, ಕೊನೆಗೆ ತಗಡಿಗೂ ಬಂದರು. ದೊಡ್ಡವರು ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೆ ಹತ್ತಿದರು. ಪ್ರತಿ ಹೆಜ್ಜೆಯೂ ಲೆಕ್ಕದ ಪ್ರಕಾರ ಸರಿಯೇ ಇತ್ತು. ಒಂದು ದಿನ ಹತ್ತೋಕೆ ಮೆಟ್ಟಿಲೇ ಉಳಿದಿರಲಿಲ್ಲ.

ಗ್ರೋವ್‌ಗೆ ಕತೆ ಮುಗಿದ ಕೂಡಲೇ ಅರ್ಥವಾಯಿತು. ಅಗ್ಗದ ಕಂಪ್ಯೂಟರಿನ ಚಿಪ್ಪೇ ನಮ್ಮ ಕಂಬಿ, ಅದನ್ನು ಬಿಟ್ಟರೆ ಕೆಟ್ಟೆವು! 1998ರಲ್ಲಿ ಇಂಟೆಲ್‌ನ ಅಗ್ಗದ ಸೆಲೆರಾನ್ ಚಿಪ್ ಮಾರುಕಟ್ಟೆಗೆ ಬಂತು. ಹೊಸತನ ಎಂಬುದನ್ನು ಕಂಪನಿ ಬಾಸುಗಳಿಗೆ ಪಾಠ ಮಾಡಿ ಕಲಿಸಬಹುದಾ ಅನ್ನೋ ಪ್ರಶ್ನೆ ಬಂದಾಗಲೆಲ್ಲ ಮ್ಯಾನೇಜ್‌ಮೆಂಟ್ ಪ್ರೊಫೆಸರುಗಳು ಹೆಮ್ಮೆಯಿಂದ ಹೇಳುವ ಉದಾಹರಣೆ ಇದು. ಹೆಮ್ಮೆ ಪಡಲಿ, ತಪ್ಪೇನಿಲ್ಲ. ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ, 'ಸ್ಟಾರ್ಟಪ್ ಥರ ಯೋಚಿಸಿ' ಅಂತ ಕಳಿಸಿಕೊಡುವ ಮೂರು ದಿನದ ವರ್ಕ್‌ಶಾಪುಗಳಿಗಿಂತ ಆ ಉಕ್ಕಿನ ಕತೆ ಸಾವಿರ ಪಾಲು ಮೇಲು.

ಆದರೆ ಕತೆಯ ಎರಡನೇ ಭಾಗವನ್ನು ಕ್ಲಾಸಿನಲ್ಲಿ ಅಷ್ಟಾಗಿ ಹೇಳಲ್ಲ.

2005ರಲ್ಲಿ ಪಾಲ್ ಒಟೆಲಿನಿ ಇಂಟೆಲ್ ಸಿಇಒ ಆದರು. ಹೊರಗಿನವರೇನಲ್ಲ, ಗ್ರೋವ್ ಕಾಲದಿಂದಲೂ ಅಲ್ಲೇ ಬೆಳೆದವರು. ಆಪಲ್ ಕಂಪನಿ ಹೊಸ ಫೋನಿಗೆ ಚಿಪ್ ಮಾಡಿಕೊಡ್ತೀರಾ ಅಂತ ಕೇಳಿತು, ಬೆಲೆಯನ್ನೂ ತಾನೇ ಹೇಳಿತು. ಇಂಟೆಲ್‌ನ ಅಂದಾಜು ವೆಚ್ಚ ಅದಕ್ಕಿಂತ ಜಾಸ್ತಿ ಇತ್ತು. ಗಿಟ್ಟಲ್ಲ ಅಂತ ಬಿಟ್ಟರು. ಫೋನ್ ಚಿಪ್ ಮಾಡುತ್ತಿದ್ದ ತನ್ನದೇ ವಿಭಾಗವನ್ನು 2006ರಲ್ಲಿ 60 ಕೋಟಿ ಡಾಲರಿಗೆ ಮಾರ್ವೆಲ್ ಕಂಪನಿಗೆ ಮಾರಿತು. 2007ರಲ್ಲಿ ಐಫೋನ್ ಬಂತು. ವೆಚ್ಚದ ಅಂದಾಜೇ ತಪ್ಪಾಗಿತ್ತು, ಮಾರಾಟ ಅಂದುಕೊಂಡಿದ್ದರ ನೂರು ಪಟ್ಟಾಯಿತು ಅಂತ 2013ರಲ್ಲಿ ನಿವೃತ್ತರಾಗುವಾಗ ಒಟೆಲಿನಿ ಒಪ್ಪಿಕೊಂಡರು. ಒಪ್ಪಿಕೋ ಅಂತ ತಮ್ಮ ಮನಸ್ಸು ಹೇಳ್ತಿತ್ತು ಅಂತಲೂ ಹೇಳಿದರು.

ನೋಡಿ, ಕಂಬಿಯ ಪಾಠವನ್ನು ಜಗತ್ತಿನಲ್ಲೇ ಚೆನ್ನಾಗಿ ಕಲಿತ ಕಂಪನಿ ಹತ್ತೇ ವರ್ಷದಲ್ಲಿ ಮತ್ತೆ ಕಂಬಿ ಬಿಟ್ಟಿತು. ಮರೆವಿನಿಂದಲ್ಲ. ಕ್ಲಾಸು ಬದಲಿಸಿದ್ದು ತಲೆಯೊಳಗಿನ ವಿಚಾರವನ್ನು. ಮೂರು ತಿಂಗಳಿಗೊಮ್ಮೆ ಷೇರುದಾರರ ಮುಂದೆ ಇಡಬೇಕಾದ ಲಾಭಾಂಶದ ಲೆಕ್ಕ ಹಾಗೇ ಇತ್ತು. ಆ ಲೆಕ್ಕದ ಮುಂದೆ ಯಾವ ಪ್ರೊಫೆಸರ್ ಗೆಲ್ತಾರೆ? 1990ರಿಂದೀಚೆಗೆ ಇಂಟೆಲ್ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು 15,000 ಕೋಟಿ ಡಾಲರಿಗೂ ಹೆಚ್ಚು ಸುರಿದಿದೆ. ಷೇರು ಬೆಲೆ ಎತ್ತಿ ಹಿಡಿಯುವುದು ಬಿಟ್ಟರೆ ಆ ಖರ್ಚಿನಿಂದ ಒಂದೇ ಒಂದು ಹೊಸ ಚಿಪ್ ಹುಟ್ಟಲ್ಲ. ಇಂಟೆಲ್ ಸೊರಗಲು ಫೋನ್ ಒಂದೇ ಕಾರಣವಲ್ಲ ನಿಜ. ಚಿಪ್ ತಯಾರಿಕೆಯಲ್ಲೂ ತೈವಾನಿನ ಟಿಎಸ್‌ಎಂಸಿ ಅದನ್ನು ಹಿಂದೆ ಹಾಕಿತು.

ಈ ಸೋಲಿನ ಬಿಲ್ ಯಾರಿಗೆ ಹೋಯ್ತು? 2024ರ ಆಗಸ್ಟಿನಲ್ಲಿ ಸುಮಾರು 15,000 ಉದ್ಯೋಗ ಕಡಿತ ಘೋಷಣೆಯಾಯಿತು. ಅಮೆರಿಕ ಬಿಟ್ಟರೆ ಇಂಟೆಲ್‌ನ ಅತಿದೊಡ್ಡ ವಿನ್ಯಾಸ ಕೇಂದ್ರ ಇರೋದು ನಮ್ಮ ದೇಶದಲ್ಲಿ, ಮುಖ್ಯವಾಗಿ ಬೆಂಗಳೂರಿನಲ್ಲಿ. ಹಾಗಾಗಿ ಆ ಸುದ್ದಿ ಇಲ್ಲಿನ ಮನೆಗಳಲ್ಲೂ ನಿದ್ದೆ ಕೆಡಿಸುತ್ತೆ. ಮರುವರ್ಷ ಅಮೆರಿಕ ಸರ್ಕಾರ ಸಾರ್ವಜನಿಕ ಹಣವನ್ನು ಸುಮಾರು ಶೇ. 10ರಷ್ಟು ಪಾಲಾಗಿಸಿಕೊಂಡು ಕಂಪನಿಯೊಳಗೆ ಬಂತು. ಉಕ್ಕಿನಲ್ಲೂ ಇದೇ ಆಗಿತ್ತು. ಬೆತ್ಲೆಹೆಮ್ ಸ್ಟೀಲ್ 2001ರಲ್ಲಿ ದಿವಾಳಿ ಅರ್ಜಿ ಹಾಕಿತು. 2003ರಲ್ಲಿ ಸುಮಾರು 95,000 ನಿವೃತ್ತರು ಮತ್ತವರ ಕುಟುಂಬದವರ ಆರೋಗ್ಯ ಸೌಲಭ್ಯ ನಿಂತುಹೋಯಿತು. ಕಂಬಿ ಬಿಡೋಣ ಅಂತ ತೀರ್ಮಾನಿಸಿದವರು ಇವರ್ಯಾರೂ ಅಲ್ಲ.

ಉದ್ಯಮಶೀಲತೆ ಅಂದರೆ ರಿಸ್ಕ್ ತಗೊಳ್ಳೋದು ಅಂತ ಎಲ್ಲ ಎಕ್ಸಿಕ್ಯೂಟಿವ್ ಕೋರ್ಸುಗಳೂ ಕಲಿಸ್ತವೆ. ಆ ರಿಸ್ಕ್ ಯಾರದ್ದು ಅನ್ನೋದು ಸಿಲಬಸ್‌ನಲ್ಲಿ ಇರೋದು ಅಪರೂಪ. ಒಬ್ಬ ಸ್ಟಾರ್ಟಪ್ ಹುಡುಗಿ ಸೋತರೆ ಅವಳ ಉಳಿತಾಯ ಹೋಗುತ್ತೆ. ಸಿಇಒ ಸೋತರೆ ಸಾಮಾನ್ಯವಾಗಿ ದೊಡ್ಡ ಮೊತ್ತದ ಬೀಳ್ಕೊಡುಗೆ ಸಿಗುತ್ತೆ. ಇಬ್ಬರನ್ನೂ ಒಂದೇ ಪದದಿಂದ ಕರೆಯೋದೇ ಒಂಥರಾ ತಮಾಷೆ.

ಬೇರೆ ದಾರಿ ಇಲ್ಲವೇ ಅಂದರೆ, ಜರ್ಮನಿಯಲ್ಲಿ 1976ರಿಂದ ಒಂದು ಕಾನೂನಿದೆ. 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಜಾಗ ನೌಕರರ ಪ್ರತಿನಿಧಿಗಳದ್ದು. ಅದೇನು ರಾಮಬಾಣ ಅಲ್ಲ. ಅಂಥ ಮಂಡಳಿ ಇದ್ದೂ ಫೋಕ್ಸ್‌ವ್ಯಾಗನ್ 2015ರಲ್ಲಿ ಡೀಸೆಲ್ ಹೊಗೆ ಪರೀಕ್ಷೆಯ ಮೋಸದಲ್ಲಿ ಸಿಕ್ಕಿಬಿತ್ತು, ಎಲೆಕ್ಟ್ರಿಕ್ ಕಾರಿನಲ್ಲೂ ಹಿಂದೆ ಬಿತ್ತು. ಆದರೆ 2024ರಲ್ಲಿ ಜರ್ಮನಿಯ ಕಾರ್ಖಾನೆಗಳನ್ನು ಮುಚ್ಚುವ ಮಾತು ಬಂದಾಗ ಕೆಲಸ ಕಳೆದುಕೊಳ್ಳಬೇಕಾದವರೂ ಮಾತುಕತೆಯ ಮೇಜಿನಲ್ಲಿದ್ದರು. 2030ರೊಳಗೆ 35,000 ಹುದ್ದೆಗಳು ಕಮ್ಮಿಯಾಗುತ್ತವೆ, ಆದರೆ ಯಾರನ್ನೂ ಬಲವಂತವಾಗಿ ಹೊರಹಾಕುವಂತಿಲ್ಲ ಅನ್ನೋ ಒಪ್ಪಂದಕ್ಕೆ ಆ ಡಿಸೆಂಬರಿನಲ್ಲಿ ಸಹಿ ಬಿತ್ತು.