ಚರ್ಮದ ದವಾಖಾನೆಯಿಂದ ಏನು ಕೇಳಿಕೊಂಡು ಬರಬೇಕು?

ಹೋದ ಬೇಸಿಗೆಯಲ್ಲಿ ತೊಡೆಸಂದಿಯ ತುರಿಕೆ ತೋರಿಸಲು ಬೈಲಹೊಂಗಲದಿಂದ ಮುಂಜಾನೆಯ ಬಸ್ಸು ಹಿಡಿದು ನಗರದ ಒಂದು ಖಾಸಗಿ ದವಾಖಾನೆಗೆ ಹೋಗಿದ್ದೆ. ಎರಡು ತಾಸು ಕಾದ ಮೇಲೆ ಒಳಗೆ ಸಿಕ್ಕಿದ್ದು ಮೂರು ನಿಮಿಷ. ‘ಏನಾಗೇತ್ರಿ ಡಾಕ್ಟ್ರ?’ ಎಂದೆ. ‘ಅಲರ್ಜಿ, ಇದನ್ನ ಹಚ್ಚ್ಕೋರಿ’ ಎಂದು ಚೀಟಿ ಕೊಟ್ಟರು. ಎಷ್ಟು ದಿನ ಹಚ್ಚಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕೇ ದಿನದಲ್ಲಿ ತುರಿಕೆ ನಿಂತಿತು. ಟ್ಯೂಬು ಮುಗಿದ ವಾರಕ್ಕೆ, ರೂಪಾಯಿ ನಾಣ್ಯದಷ್ಟಿದ್ದ ಕೆಂಪು ಬಳೆ ಅಂಗೈಯಗಲ ಹರಡಿತ್ತು.

ಮುಂದೆ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದೇ ಆ ಖಾಲಿ ಟ್ಯೂಬನ್ನು. ಓದಿ, ‘ಇದರಾಗ ಸ್ಟೀರಾಯ್ಡ್ ಐತ್ರಿ’ ಎಂದರು. ಬಳೆಯ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಮೇಲೆ ಹಾಕಿ, ಒಂದು ಹನಿ ಕೆಒಎಚ್ ದ್ರಾವಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶಿಲೀಂಧ್ರದ ಎಳೆಗಳು ಕಂಡವು. ಅದು ಅಲರ್ಜಿಯಲ್ಲ, ಗಜಕರ್ಣ.

ಹೀಗೇಕಾಗುತ್ತದೆ?

ಸ್ಟೀರಾಯ್ಡ್ ಉರಿ, ಕೆಂಪು, ತುರಿಕೆಯನ್ನು ಬೇಗ ಅಡಗಿಸುತ್ತದೆ. ಅದರ ಜೊತೆಗೆ ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುವುದರಿಂದ ಶಿಲೀಂಧ್ರಕ್ಕೆ ಬೆಳೆಯಲು ದಾರಿಯಾಗುತ್ತದೆ. ಬಳೆಯ ಆಕಾರ ಅಳಿಸಿಹೋಗಿ ಮುಂದಿನ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ಬಹುದಿನ ಹಚ್ಚಿದರೆ ಚರ್ಮ ತೆಳುವಾಗಿ ಬಿರಿದ ಗೆರೆಗಳು ಉಳಿಯುತ್ತವೆ. ಇಸುಬಿನಂಥ ಕಾಯಿಲೆಗೆ ಇದೇ ಸ್ಟೀರಾಯ್ಡ್ ಒಳ್ಳೆಯ ಮದ್ದು; ಗಜಕರ್ಣಕ್ಕೆ ಅಲ್ಲ. 2018ರಿಂದ ಹಲವು ಸ್ಟೀರಾಯ್ಡ್ ಮುಲಾಮುಗಳು ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಅಂದರೆ ಡಾಕ್ಟರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್.

ಎದ್ದು ಬರುವ ಮುನ್ನ ನಾಲ್ಕು ಪ್ರಶ್ನೆ

1. ನನ್ನ ಕಾಯಿಲೆಯ ಹೆಸರೇನು? ಚೀಟಿಯಲ್ಲಿ ಬರೆದುಕೊಡಿ ಎನ್ನಿ.
2. ಮುಲಾಮಿನಲ್ಲಿ ಸ್ಟೀರಾಯ್ಡ್ ಇದೆಯೇ?
3. ಎಷ್ಟು ದಿನ ಹಚ್ಚಬೇಕು? ಗಜಕರ್ಣದ ಮದ್ದು ವಾರಗಟ್ಟಲೆ ನಡೆಯುತ್ತದೆ. ತುರಿಕೆ ನಿಂತಿತೆಂದು ಬಿಟ್ಟರೆ ಮರಳಿ ಬರುತ್ತದೆ.
4. ಮನೆಯವರಿಗೂ ತೋರಿಸಬೇಕೇ? ಒಂದೇ ಟವೆಲ್ಲಿನಿಂದ ಇದು ಮನೆಯೆಲ್ಲ ಹಬ್ಬುತ್ತದೆ. ಕಬ್ಬಿನ ಹೊಲದಿಂದ ಬಂದವರು ಬೆವರಿನ ಬಟ್ಟೆ ಬದಲಿಸಿ, ಒಗೆದದ್ದನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು.

ಡಾಕ್ಟರ ಪದವಿಯನ್ನೂ ನೋಡಿಕೊಳ್ಳಿ. ಚರ್ಮರೋಗ ತಜ್ಞರಿಗೆ ಎಂಬಿಬಿಎಸ್ ಮೇಲೆ ಆ ವಿಷಯದಲ್ಲೇ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರುತ್ತದೆ.

ಸಮಾಧಾನವಾಗದಿದ್ದರೆ

ಮೊದಲು ಅದೇ ಡಾಕ್ಟರ ಬಳಿ ಮರಳಿ ಹೋಗಿ ಹೇಳಿ. ದಾಖಲೆಗಳನ್ನು ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂದು 2002ರ ವೈದ್ಯರ ನಡತೆಯ ನಿಯಮ ಹೇಳುತ್ತದೆ. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂಬುದೂ ಆ ನಿಯಮದಲ್ಲೇ ಇದೆ. ಖಾಸಗಿ ದವಾಖಾನೆಯ ಶುಲ್ಕ, ನೋಂದಣಿಯ ದೂರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗುತ್ತದೆ. ವೈದ್ಯರ ನಡವಳಿಕೆಯ ದೂರಿಗೆ ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ; ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು.

ಎಲ್ಲ ಕಡೆಯೂ ಕೇಳುವುದು ಕಾಗದವನ್ನೇ. ಚೀಟಿ, ರಸೀದಿ, ಖಾಲಿ ಟ್ಯೂಬು ಮೂರನ್ನೂ ಒಂದು ಚೀಲದಲ್ಲಿಟ್ಟುಕೊಳ್ಳಿ. ರಾಮದುರ್ಗ, ಸವದತ್ತಿ, ಕಿತ್ತೂರಿನಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗುವವರು ಕಾಯಿಲೆಯ ಹೆಸರು ತಿಳಿಯದೆ ಮರಳಬಾರದು. ನನ್ನ ಕಾಯಿಲೆಯ ಗುಟ್ಟು ಬಿಟ್ಟುಕೊಟ್ಟದ್ದು, ಎಸೆಯದೆ ಇಟ್ಟಿದ್ದ ಆ ಖಾಲಿ ಟ್ಯೂಬು.