ಫಲಕಕ್ಕೆ ತಕ್ಕ ತೋಡು: ಮರದ ಪಾಠೋಪಕರಣ ತಯಾರಿಯಲ್ಲಿ ಅಳತೆಯ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಯ ಬೆಳಕಿನ ಪಾಠಕ್ಕಾಗಿ ಮರದ ಸೂಜಿರಂಧ್ರ ಕ್ಯಾಮೆರಾ ತಯಾರಿಸಿದ್ದೆ. ಪೆಟ್ಟಿಗೆಯ ಮುಂಭಾಗದಲ್ಲಿ ತೋಡು ಕೊರೆದು, 0.5, 1 ಮತ್ತು 2 ಮಿ.ಮೀ. ರಂಧ್ರಗಳಿರುವ ಪ್ಲೈವುಡ್ ಫಲಕಗಳನ್ನು ಮೇಲಿನಿಂದ ಇಳಿಸಿ ಬದಲಾಯಿಸುವ ಏರ್ಪಾಡು. ಅಂಗಡಿಯವರು ಪ್ಲೈವುಡ್ 6 ಮಿ.ಮೀ. ಎಂದಿದ್ದರಿಂದ ತೋಡನ್ನೂ ಅಷ್ಟೇ ಅಗಲಕ್ಕೆ ಕೊರೆದೆ. ತರಗತಿಯಲ್ಲಿ ಫಲಕ ಅಲುಗಾಡಿತು. ಸಂದಿಯಿಂದ ಬೆಳಕು ನುಗ್ಗಿ ಪರದೆಯ ಮೇಲಿನ ಬಿಂಬ ಮಸುಕಾಯಿತು. “ಸರ್, ಯಾವ ತೂತು ಹಾಕಿದ್ರೂ ಒಂದೇ ಥರ ಕಾಣುತ್ತೆ” ಎಂದಳು ಒಬ್ಬ ವಿದ್ಯಾರ್ಥಿನಿ. ಅವಳು ಕಂಡದ್ದನ್ನೇ ಹೇಳಿದ್ದಳು. ತಪ್ಪು ನನ್ನ ಉಪಕರಣದಲ್ಲಿತ್ತು.

6 ಮಿ.ಮೀ. ಎಂಬುದು ಮಾರಾಟದ ಅಳತೆ. ತೆಳುವಾದ ಮರದ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿ, ಬಿಸಿಯಲ್ಲಿ ಒತ್ತಿ, ಮೇಲ್ಮೈ ಉಜ್ಜಿ ಪ್ಲೈವುಡ್ ಮಾಡುತ್ತಾರೆ. ಹೀಗಾಗಿ ನಿಜವಾದ ದಪ್ಪ ತುಸು ಬೇರೆಯಾಗಿರುತ್ತದೆ. ಒಂದೇ ಹಾಳೆಯ ಎರಡು ಮೂಲೆಗಳಲ್ಲೂ ವ್ಯತ್ಯಾಸ ಇರಬಹುದು. ನಂತರ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆದಾಗ ನನ್ನ ಫಲಕಗಳು 5.4ರಿಂದ 5.6 ಮಿ.ಮೀ. ಇದ್ದವು. ಆದ್ದರಿಂದ ತೋಡಿನ ಅಗಲವನ್ನು ಹೆಸರಿನ ಅಳತೆಯಿಂದಲ್ಲ, ಕೈಯಲ್ಲಿರುವ ಫಲಕದಿಂದಲೇ ತೆಗೆದುಕೊಳ್ಳಬೇಕು.

ಎರಡನೇ ಸಲ ಅನುಸರಿಸಿದ ಕ್ರಮ ಹೀಗಿದೆ:

1. ಗುರುತು: ಪಕ್ಕದ ಹಲಗೆಯ ಮುಂಚಿನಿಂದ 10 ಮಿ.ಮೀ. ಒಳಗೆ, ಮೂಲೆಮಟ್ಟ ಹಿಡಿದು ಚಾಕುವಿನಿಂದ ಮೊದಲ ಗೆರೆ ಎಳೆಯಿರಿ. ಅತಿ ದಪ್ಪದ ಫಲಕವನ್ನು ಆ ಗೆರೆಗೆ ತಾಗಿಸಿ ನಿಲ್ಲಿಸಿ. ಅದರ ಇನ್ನೊಂದು ಬದಿಗೆ ಎರಡು ಬರೆಯುವ ಕಾಗದಗಳನ್ನು ಸೇರಿಸಿ ಎರಡನೇ ಗೆರೆ ಹಾಕಿ. ಕಾಗದಗಳ ದಪ್ಪ, ಸುಮಾರು 0.2 ಮಿ.ಮೀ., ಫಲಕ ಜಾರಲು ಬೇಕಾದ ಸಡಿಲ. ಅಂಟಿಸಿಬಿಡುವ ಫಲಕವಾದರೆ ಕಾಗದ ಬೇಡ. ಎದುರು ಹಲಗೆ ಮತ್ತು ತಳದ ಹಲಗೆಯಲ್ಲೂ ಮುಂಚಿನಿಂದಲೇ ಅಳೆದರೆ ಮೂರೂ ತೋಡುಗಳು ಕೂಡಿಬರುತ್ತವೆ.

2. ಕೊಯ್ತ: ಚಾಕುವಿನ ಗೆರೆ ಮರದ ನಾರನ್ನು ಮೊದಲೇ ಕತ್ತರಿಸುವುದರಿಂದ ಅಂಚು ಸಿಬಿರೇಳುವುದಿಲ್ಲ. ಗರಗಸ ಎರಡೂ ಗೆರೆಗಳ ಒಳಬದಿಯಲ್ಲೇ ಸಾಗಲಿ. ಗೆರೆಯ ಹೊರಗೆ ಕೊಯ್ದರೆ ಗರಗಸದ ಹಲ್ಲು ತಿನ್ನುವಷ್ಟು ತೋಡು ಅಗಲವಾಗುತ್ತದೆ. ಹಲಗೆಯ ದಪ್ಪ 12 ಮಿ.ಮೀ. ಇದ್ದರೆ ಆಳ 4 ಮಿ.ಮೀ. ಸಾಕು; ಗರಗಸಕ್ಕೆ ಅಷ್ಟು ಎತ್ತರದಲ್ಲಿ ಟೇಪ್ ಅಂಟಿಸಿದರೆ ಆಳ ಮೀರುವುದಿಲ್ಲ.

3. ಉಳಿಯ ಕೆಲಸ: ತೋಡಿಗಿಂತ ಕಿರಿದಾದ ಉಳಿ ಬೇಕು. ಕಾಲಿಂಚಿನ ಉಳಿ 6.35 ಮಿ.ಮೀ. ಇರುವುದರಿಂದ ಇಲ್ಲಿ ಹಿಡಿಸದು. ಎರಡೂ ತುದಿಗಳಿಂದ ನಡುವಿಗೆ ಕೆತ್ತಿದರೆ ಅಂಚು ಒಡೆಯುವುದಿಲ್ಲ.

4. ಪರೀಕ್ಷೆ: ಮೊದಲು ಚೂರು ಮರದಲ್ಲಿ ಒಂದು ತೋಡು ಮಾಡಿ ನೋಡಿ. ಬೆರಳಿನಿಂದ ಒತ್ತಿದರೆ ಫಲಕ ಇಳಿಯಬೇಕು, ಅಲ್ಲಾಡಿಸಿದರೆ ಸದ್ದಾಗಬಾರದು. ಬಿಗಿಯಾದರೆ ಫಲಕದ ಅಂಚನ್ನು ಮರಳು ಕಾಗದದಿಂದ ಉಜ್ಜಬಹುದು. ಅಗಲವಾದ ತೋಡನ್ನು ಕಿರಿದು ಮಾಡುವುದು ಕಷ್ಟ. ಕಪ್ಪು ಬಣ್ಣಕ್ಕೂ ದಪ್ಪವಿದೆ. ಬಣ್ಣ ಒಣಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಹೊಸ ಪೆಟ್ಟಿಗೆಯೊಂದಿಗೆ ಅದೇ ಪಾಠವನ್ನು ಮತ್ತೆ ಮಾಡಿದೆ. ಚಿಕ್ಕ ರಂಧ್ರದಲ್ಲಿ ಬಿಂಬ ಮಂದವಾದರೂ ಸ್ಪಷ್ಟ, ದೊಡ್ಡದರಲ್ಲಿ ಪ್ರಕಾಶಮಾನವಾದರೂ ಮಸುಕು ಎಂಬುದನ್ನು ಮಕ್ಕಳೇ ಹೇಳಿದರು.

ಈ ತಯಾರಿಯನ್ನೇ ಅಳತೆಯ ಚಟುವಟಿಕೆಯಾಗಿಯೂ ಬಳಸಬಹುದು. ವರ್ನಿಯರ್ ಇಲ್ಲದಿದ್ದರೆ ಹತ್ತು ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಒತ್ತಿಟ್ಟು ಎತ್ತರ ಅಳೆಸಿ. 55 ಮಿ.ಮೀ. ಬಂದರೆ ಒಂದರ ಸರಾಸರಿ ದಪ್ಪ 5.5 ಮಿ.ಮೀ. ಆಮೇಲೆ ಕೇಳಿ: ತೋಡನ್ನು ಸರಿಯಾಗಿ ಈ ಸರಾಸರಿಗೇ ಕೊರೆದರೆ ಎಲ್ಲ ತುಂಡುಗಳೂ ಹಿಡಿಸುತ್ತವೆಯೇ? ಸರಾಸರಿಗೂ ಗರಿಷ್ಠಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಆ ತುಂಡುಗಳಿಂದಲೇ ಕಂಡುಕೊಳ್ಳುತ್ತಾರೆ.